ಕೆಸರುಗದ್ದೆಯಲ್ಲಿ ನಿಂತ ಟಿಲ್ಲರು

ಪುಷ್ಯ ಮಳೆ ಹಿಡಿದ ನಾಲ್ಕನೆಯ ದಿನ. ಮಲೆನಾಡಿನ ಒಂದು ಕಣಿವೆಯ ಗದ್ದೆಬಯಲು. ಮೇಲಿನ ಮಡಿಗಳಲ್ಲಿ ನಾಟಿ ಮುಗಿದು ಎಳೆಹಸಿರು ನಿಂತಿದೆ. ಕೆಳಗಿನ ಮಡಿಗಳಲ್ಲಿ ಇನ್ನೂ ಕೆಂಪು ನೀರು. ಕಿತ್ತ ಸಸಿಯ ಕಟ್ಟುಗಳು ಅಂಚಿನ ಮೇಲೆ ಸಾಲಾಗಿ ಕಾದು ಕುಳಿತಿವೆ. ಪ್ಲಾಸ್ಟಿಕ್ಕಿನ ಕೊಪ್ಪೆ ಹೊದ್ದ ಹತ್ತು ಹನ್ನೆರಡು ಮಂದಿ ಹೆಂಗಸರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾರೆ. ಅವರೆಲ್ಲರ ದೃಷ್ಟಿಯೂ ಗದ್ದೆಯ ನಡುವೆ ಕೆಸರಿನಲ್ಲಿ ಹೂತು ನಿಂತಿರುವ ಒಂದು ಯಂತ್ರದ ಮೇಲಿದೆ. ಎಂಜಿನೇನೋ ಢಬಢಬನೆ ಓಡುತ್ತಿದೆ, ಹೊಗೆಯೂ ಬರುತ್ತಿದೆ. ಆದರೆ ಯಂತ್ರ ಮುಂದಕ್ಕೆ ಹೋಗಲೊಲ್ಲದು. ನಾಲ್ಕು ಮಾರು ಹೋಗುವುದು, ಒಳಗೆಲ್ಲೋ ಕಟಕಟನೆ ಹಲ್ಲು ಕಡಿಯುವುದು, ಬಲಕ್ಕೆ ಸೊಟ್ಟಗೆ ತಿರುಗಿ ನಿಲ್ಲುವುದು. ಒಡೆಯರಾದ ಗೌಡರು ಹಿಡಿ ಎತ್ತಿ ಸರಿಪಡಿಸಿದರೆ ಮತ್ತೆ ನಾಲ್ಕು ಮಾರು. ಮತ್ತೆ ಅದೇ ಕಟಕಟ.

ಇಂಥ ಸಮಯದಲ್ಲಿ ಸಲಹೆಗಾರರಿಗೆ ಕೊರತೆಯೆಂಬುದಿಲ್ಲ. ಬೆಲ್ಟು ಜಾರುತ್ತಿದೆಯೆಂದು ಒಬ್ಬರು, ಕ್ಲಚ್ ಪ್ಲೇಟು ಸುಟ್ಟಿತೆಂದು ಇನ್ನೊಬ್ಬರು, ಗೇರುಪೆಟ್ಟಿಗೆಯೇ ಹೋಯಿತೆಂದು ಮತ್ತೊಬ್ಬರು. ಗೌಡರಿಗೂ ಕ್ಲಚ್ಚಿನ ಮೇಲೆಯೇ ಗುಮಾನಿ. ಪೇಟೆಯ ಅಂಗಡಿಗೆ ಫೋನು ಮಾಡಿ ಒಂದು ಜೊತೆ ಪ್ಲೇಟು ತೆಗೆದಿರಿಸಲು ಹೇಳಿಯೂ ಆಗಿದೆ. ಅದು ಬರುವುದರೊಳಗೆ ಮೇಸ್ತ್ರಿ ಬಂದರು.

ನಗರದ ವಾಚಕರಿಗೆ ಈ ಯಂತ್ರದ ಮುಖಪರಿಚಯವಿದ್ದೇ ಇರುತ್ತದೆ. ಶಿವಮೊಗ್ಗೆಯ ಕಡೆಗೋ ಚಿಕ್ಕಮಗಳೂರಿನ ಕಡೆಗೋ ಪ್ರವಾಸ ಹೊರಟಾಗ, ಕಾರಿಗೆ ದಾರಿ ಕೊಡದೆ ರಸ್ತೆಯ ನಡುವೆ ತನ್ನದೇ ಗಾಂಭೀರ್ಯದಿಂದ ಸಾಗುವ, ಮಾರುದ್ದದ ಎರಡು ಕೊಂಬಿನಂಥ ಹಿಡಿಗಳುಳ್ಳ, ಹಿಂದೆ ಪುಟ್ಟ ಬಂಡಿಯನ್ನು ಎಳೆಯುವ ಆ ವಾಹನವೇ ಪವರ್ ಟಿಲ್ಲರು. ದೊಡ್ಡ ಟ್ರ್ಯಾಕ್ಟರು ತಿರುಗಲಾರದ ಸಣ್ಣ ಮಡಿಗಳಿಗೂ ಅಡಕೆ ತೆಂಗಿನ ಸಾಲುಗಳ ನಡುವಿನ ಕಿರುದಾರಿಗೂ ಹೇಳಿಮಾಡಿಸಿದ ತೋಟದ ಟ್ರ್ಯಾಕ್ಟರಿದು. ಚಕ್ರ ಎರಡೇ, ನಡೆಸುವವನು ಹಿಂದೆ ನಡೆಯಬೇಕು. ಜೋಡೆತ್ತಿನ ಹಿಂದೆ ನಡೆದ ಕಾಲಿಗೆ ಇದೇನೂ ಹೊಸದಲ್ಲ.

ನೆಲವನ್ನು ನೇಗಿಲಿನಿಂದ ಸೀಳುವ ಬದಲು ಸುತ್ತುವ ಕತ್ತಿಗಳಿಂದ ಕೊಚ್ಚಬೇಕೆಂಬ ವಿಚಾರ ಹಲವರ ತಲೆಯಲ್ಲಿ ಮೂಡಿತ್ತು. ಅವರಲ್ಲಿ ಆಸ್ಟ್ರೇಲಿಯದ ಆರ್ಥರ್ ಕ್ಲಿಫರ್ಡ್ ಹೊವರ್ಡನ ಕಥೆ ಸ್ವಾರಸ್ಯವಾದುದು. ೧೯೧೨ರಲ್ಲಿ, ನ್ಯೂ ಸೌತ್ ವೇಲ್ಸಿನ ಗಿಲ್ಗಾಂಡ್ರದಲ್ಲಿದ್ದ ತಂದೆಯ ಹೊಲದಲ್ಲಿ, ಈ ತರುಣ ಉಗಿಯಂತ್ರದ ಬಲವನ್ನು ಸುತ್ತುವ ಅಲಗುಗಳಿಗೆ ಕೊಟ್ಟು ಪ್ರಯೋಗ ನಡೆಸಿದ. ಮೊದಲ ಅಲಗುಗಳು ಮಣ್ಣನ್ನು ಪಕ್ಕಕ್ಕೆ ಎರಚುತ್ತಿದ್ದವು. ತುದಿ ಬಾಗಿದ ಕತ್ತಿಗಳನ್ನು ಜೋಡಿಸಿದ ಮೇಲೆ ಆ ಪೀಡೆ ತಪ್ಪಿತು. ೧೯೨೨ರಲ್ಲಿ ಅವನು ಇದಕ್ಕೆಂದೇ ಒಂದು ಸಂಸ್ಥೆಯನ್ನು ಸ್ಥಾಪಿಸಿದ. ಆದರೆ ಕೈಹಿಡಿಯ ಪುಟ್ಟ ಯಂತ್ರವನ್ನು ಭತ್ತದ ಕೆಸರಿಗೆ ಒಗ್ಗಿಸಿ ಮನೆಮನೆಯ ವಸ್ತುವನ್ನಾಗಿ ಮಾಡಿದ ಕೀರ್ತಿ ಜಪಾನಿನದು. ಎರಡನೆಯ ಮಹಾಯುದ್ಧದ ನಂತರದ ಇಪ್ಪತ್ತು ವರ್ಷಗಳಲ್ಲಿ ಅಲ್ಲಿನ ರೈತ ಎತ್ತನ್ನೂ ಕುದುರೆಯನ್ನೂ ಬಿಟ್ಟು ಇದನ್ನು ಹಿಡಿದ. ಬೆಂಗಳೂರಿನ ವಿಎಸ್‌ಟಿ ಸಂಸ್ಥೆ ೧೯೬೭ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಟಿಲ್ಲರುಗಳ ತಯಾರಿಕೆಗೆ ತೊಡಗಿದಾಗ ಯಂತ್ರ ಕನ್ನಡನಾಡಿನದೇ ಆಯಿತು. ಅದಂತಿರಲಿ, ನಿಂತ ಟಿಲ್ಲರಿನ ಬಳಿಗೆ ಹಿಂದಿರುಗಬೇಕು.

ಮೇಸ್ತ್ರಿ ಬಂದವರೇ ಪಾನಾ ಹಿಡಿಯಲಿಲ್ಲ. ಅಂಚಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, "ಗೌಡ್ರೇ, ಇನ್ನೊಂದ್ಸಲ ನಡೆಸಿ, ನೋಡೋಣ" ಎಂದರು. ಯಂತ್ರ ಹಿಂದಿನಂತೆಯೇ ನಾಲ್ಕು ಮಾರು ನಡೆದು, ಕಟಕಟಿಸಿ, ಬಲಕ್ಕೆ ಹೊರಳಿತು. ಮೇಸ್ತ್ರಿಯ ಕಣ್ಣು ಎಂಜಿನಿನ ಮೇಲಿರಲಿಲ್ಲ, ಎಡಚಕ್ರದ ಮೇಲಿತ್ತು.

"ಪ್ಲೇಟು ತರಿಸ್ಬೇಡಿ. ಕ್ಲಚ್ ಚೆನ್ನಾಗಿದೆ."

"ಬಿಚ್ಚಿ ನೋಡ್ದೇನೇ ಹೇಳ್ತೀಯಲ್ಲ ಮೇಸ್ತ್ರಿ?"

"ಎಡಗಡೆ ಚಕ್ರ ಕೆಸರು ಕಡೀತಾನೇ ಇದೆ ನೋಡಿ. ಕ್ಲಚ್ ಜಾರಿದ್ರೆ ಎರಡೂ ನಿಲ್ಬೇಕಿತ್ತಲ್ಲ?"

ಈ ಒಂದು ಮಾತಿನಲ್ಲಿ ರೋಗನಿದಾನದ ಸೂತ್ರವೆಲ್ಲ ಅಡಗಿದೆ. ಟಿಲ್ಲರಿನಲ್ಲಿ ಬಲ ಹರಿಯುವ ದಾರಿ ಒಂದು ಕಾಲುವೆಯಂತೆ. ಹನ್ನೆರಡು ಹದಿಮೂರು ಅಶ್ವಶಕ್ತಿಯ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನು ಮುಂದೆ, ಅದರ ಪುಲ್ಲಿಯಿಂದ ಮೂರೋ ನಾಲ್ಕೋ ಬೆಲ್ಟುಗಳು ಹೊರಟು ಹಿಂದಿನ ಪುಲ್ಲಿಯನ್ನು ಸುತ್ತಿಸುತ್ತವೆ, ಆ ಪುಲ್ಲಿಯ ಹೊಟ್ಟೆಯಲ್ಲಿ ಕ್ಲಚ್ ಪ್ಲೇಟುಗಳು, ಅಲ್ಲಿಂದ ಗೇರುಪೆಟ್ಟಿಗೆ. ಅದರೊಳಗೆ ಕಾಲುವೆ ಕವಲೊಡೆಯುತ್ತದೆ. ಒಂದು ಕವಲು ಹಿಂದಿನ ಕತ್ತಿಗಳಿಗೆ, ಒಂದು ಎಡಚಕ್ರಕ್ಕೆ, ಒಂದು ಬಲಚಕ್ರಕ್ಕೆ. ಒಂದು ಕವಲಿನಲ್ಲಿ ನೀರು ಹರಿಯುತ್ತಿದ್ದು ಇನ್ನೊಂದು ಒಣಗಿದ್ದರೆ ಕಾಲುವೆಯ ತಲೆಯನ್ನು ಅಗೆಯುವುದು ಮೂರ್ಖತನ. ಕತ್ತಿಗಳು ತಿರುಗುತ್ತಿದ್ದವು, ಎಡಚಕ್ರ ತಿರುಗುತ್ತಿತ್ತು. ದೋಷ ಕವಲಿನಿಂದೀಚೆಗೆ, ಬಲಗಡೆಗೆ, ಒಂದು ಮೊಳದೊಳಗೆ ಇರಲೇಬೇಕು. ಗೌಡರು ಪ್ಲೇಟು ತರಿಸಿ ಹಾಕಿಸಿದ್ದರೆ ದುಡ್ಡೂ ಹೋಗುತ್ತಿತ್ತು, ದಿನವೂ ಹೋಗುತ್ತಿತ್ತು. ಹೊಸ ಪ್ಲೇಟಿನ ಟಿಲ್ಲರು ಹಳೆಯ ಕಟಕಟವನ್ನೇ ಹಾಡುತ್ತಿತ್ತು. ಹೀಗೆ ನಿರಪರಾಧಿಯಾದ ಭಾಗಗಳು ಶಿಕ್ಷೆಗೊಳಗಾಗುವುದು ವರ್ಕ್‌ಷಾಪುಗಳಲ್ಲಿ ಅಪರೂಪದ ಸಂಗತಿಯಲ್ಲ.

ಮೂರೂ ಕವಲುಗಳು ಒಟ್ಟಿಗೆ ನಿಂತಿದ್ದರೆ ಮಾತು ಬೇರೆಯಾಗುತ್ತಿತ್ತು. ಆಗ ನೋಡಬೇಕಾದದ್ದು ಪುಲ್ಲಿಗಳನ್ನು. ಹೊರೆ ಬಿದ್ದಾಗ ಮುಂದಿನ ಪುಲ್ಲಿ ಓಡುತ್ತಿದ್ದು ಹಿಂದಿನದು ನಿಧಾನವಾದರೆ, ಜೊತೆಗೆ ಸುಟ್ಟ ರಬ್ಬರಿನ ವಾಸನೆ ಬಂದರೆ, ಬೆಲ್ಟಿನ ದೋಷ. ಎರಡು ಪುಲ್ಲಿಗಳೂ ಸಮನಾಗಿ ಓಡುತ್ತಿದ್ದು ಯಂತ್ರ ಮಾತ್ರ ನಿಂತರೆ ಆಗ ಕ್ಲಚ್ಚನ್ನು ಸಂಶಯಿಸಬಹುದು. ಬೆಲ್ಟಿನ ವಿಷಯದಲ್ಲಿ ಒಂದು ಗುಟ್ಟು: ಅದು ಹಿಡಿಯುವುದು ತನ್ನ ಎರಡು ಪಕ್ಕೆಗಳಿಂದ, ತಳದಿಂದಲ್ಲ. ಪುಲ್ಲಿಯ ಗಾಡಿಯ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟು ಸವೆದು ತಳಕ್ಕಿಳಿದಿದೆಯೆಂದು ತಿಳಿಯಬೇಕು. ಎಷ್ಟು ಬಿಗಿದರೂ ಅದು ಜಾರುತ್ತದೆ. ಮೂರರಲ್ಲಿ ಒಂದು ಹರಿದರೆ ಆ ಒಂದನ್ನೇ ಬದಲಿಸುವ ಜಿಪುಣತನವೂ ಫಲಿಸದು. ಉದ್ದ ಬಂದ ಹಳೆಯ ಬೆಲ್ಟುಗಳ ನಡುವೆ ಹೊಸದೊಂದೇ ಬಿಗಿಯಾಗಿ, ಒಟ್ಟು ಸಂಸಾರದ ಹಿರಿಯ ಸೊಸೆಯಂತೆ ಹೊರೆಯನ್ನೆಲ್ಲ ತಾನೇ ಹೊತ್ತು ಬೇಗ ಹರಿದುಹೋಗುತ್ತದೆ.

ಹಗ್ಗ ಕಟ್ಟಿ ಎಂಟು ಜನ ಎಳೆದು ಟಿಲ್ಲರನ್ನು ಅಂಚಿಗೆ ತಂದರು. ಎಂಜಿನು ನಿಲ್ಲಿಸಿ, ಗೇರು ಹಾಕಿಟ್ಟು, ಅಡಿಗೆ ಮರದ ದಿಮ್ಮಿ ಕೊಟ್ಟು ಎರಡು ಚಕ್ರಗಳನ್ನೂ ನೆಲದಿಂದ ಮೇಲಕ್ಕೆತ್ತಿದ್ದಾಯಿತು. ಮೇಸ್ತ್ರಿ ಮೊದಲು ಎಡಚಕ್ರವನ್ನು ಹಿಡಿದು ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸಿದರು. ಎರಡು ಬೆರಳಿನಷ್ಟು ಆಡಿ ನಿಂತಿತು. ಬಲಚಕ್ರ ಹಾಗಲ್ಲ, ಸ್ವಲ್ಪ ಬಲ ಹಾಕಿದೊಡನೆ ಕಟಕ್ಕೆಂದು ಒಂದು ಹಲ್ಲು ದಾಟಿ ಮುಂದಿನದಕ್ಕೆ ಹೋಯಿತು.

ಯಂತ್ರದಲ್ಲಿ ಒಂದಕ್ಕೊಂದು ಕಚ್ಚಿದ ಭಾಗಗಳ ನಡುವೆ ಕೂದಲೆಳೆಯಷ್ಟು ಎಡೆ ಇರಲೇಬೇಕು. ಇಲ್ಲದಿದ್ದರೆ ಎಣ್ಣೆಗೂ ಸ್ಥಳವಿಲ್ಲ, ಬಿಸಿಯಾದಾಗ ಹಿಗ್ಗಲೂ ಸ್ಥಳವಿಲ್ಲ. ಸವೆತವೆಂದರೆ ಈ ಎಡೆ ಬೆಳೆಯುವುದು. ಮೇಸ್ತ್ರಿಗಳು ಇದನ್ನು 'ಪ್ಲೇ' ಎನ್ನುತ್ತಾರೆ. ತೇರೆಳೆಯುವಾಗ ಹಗ್ಗ ಬಿಗಿಯಾಗಿದ್ದರೆ ತೇರು ಮೆಲ್ಲನೆ ಸರಿಯುತ್ತದೆ. ಹಗ್ಗ ಜೋಲುಬಿದ್ದು ಜನ ಒಮ್ಮೆಗೇ ಜಗ್ಗಿದರೆ ತೇರಿಗೂ ಹೊಡೆತ, ಹಗ್ಗಕ್ಕೂ ಹೊಡೆತ. ಹಲ್ಲುಗಳ ನಡುವೆ ಎಡೆ ಬೆಳೆದಾಗ ಆಗುವುದು ಇದೇ. ಪ್ರತಿಸಲವೂ ಬಲ ಸುತ್ತಿಗೆಯ ಏಟಿನಂತೆ ಬೀಳುತ್ತದೆ. ಏಟಿನಿಂದ ಎಡೆ ಇನ್ನಷ್ಟು ಬೆಳೆಯುತ್ತದೆ. ಎಡೆ ಬೆಳೆದಷ್ಟೂ ಏಟು ಜೋರಾಗುತ್ತದೆ. ಸವೆತ ಮೊದಲು ವರ್ಷಗಟ್ಟಲೆ ಆಮೆಯಂತೆ ತೆವಳಿ, ಕಡೆಯ ತಿಂಗಳಲ್ಲಿ ಕುದುರೆಯಂತೆ ಓಡುವುದೇಕೆಂಬುದಕ್ಕೆ ಇದೇ ಕಾರಣ.

ಅಲ್ಲಾಡಿಸುವುದು ಚಕ್ರದ ಕಡೆಯಿಂದಲೇ ಏಕೆ? ಎಂಜಿನು ನಿಮಿಷಕ್ಕೆ ಎರಡು ಸಾವಿರ ಸುತ್ತು ಸುತ್ತಿದರೆ, ಕೆಸರಿನಲ್ಲಿ ಗಂಟೆಗೆ ಒಂದೂವರೆ ಕಿಲೋಮೀಟರಿನ ಆಸುಪಾಸಿನಲ್ಲಿ ನಡೆಯುವ ಚಕ್ರ ಸುತ್ತುವುದು ಹದಿಮೂರು ಹದಿನಾಲ್ಕು ಸಲ ಮಾತ್ರ. ವೇಗ ಸುಮಾರು ನೂರೈವತ್ತು ಪಟ್ಟು ಇಳಿದಿದೆ. ತಿರುಚುವ ಬಲ ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರಿದೆ. ಆದ್ದರಿಂದ ಎಂಜಿನಿನ ಹತ್ತಿರದ ಭಾಗಗಳು ಸಾಯುವುದು ವೇಗದಿಂದ ಮತ್ತು ಕಾವಿನಿಂದ. ಚಕ್ರದ ಹತ್ತಿರದವು ಸಾಯುವುದು ಬಲದಿಂದ. ಬೆಲ್ಟಿನ ಬಳಿಯ ಸಡಿಲು ಗೇರುಗಳನ್ನು ದಾಟಿ ಚಕ್ರಕ್ಕೆ ಬರುವಷ್ಟರಲ್ಲಿ ನೂರೈವತ್ತರಲ್ಲೊಂದು ಪಾಲಾಗಿ ಮಾಯವಾಗುತ್ತದೆ. ಚಕ್ರವನ್ನು ಹಿಡಿದು ಅಲ್ಲಾಡಿಸಿದಾಗ ಕೈಗೆ ತಾಗುವ ಸಡಿಲು ಬಹುಮಟ್ಟಿಗೆ ಚಕ್ರದ ಪಕ್ಕದ ಭಾಗಗಳದ್ದೇ. ಲೆಕ್ಕ ಬರೆಯದೆಯೇ ಮೇಸ್ತ್ರಿಯ ಕೈಗೆ ಈ ಲೆಕ್ಕ ತಿಳಿದಿದೆ.

ಟಿಲ್ಲರಿಗೆ ಕಾರಿನಂತೆ ತಿರುಗಿಸುವ ಚಕ್ರವಿಲ್ಲ. ಒಂದೊಂದು ಹಿಡಿಯ ಕೆಳಗೂ ಒಂದೊಂದು ಸನ್ನೆ ಇರುತ್ತದೆ. ಗೇರುಪೆಟ್ಟಿಗೆಯೊಳಗೆ, ಪ್ರತಿ ಚಕ್ರದ ದಾರಿಯಲ್ಲೂ, ಕೋಟೆಯ ತೆನೆಗಳಂಥ ಹಲ್ಲುಗಳುಳ್ಳ ಎರಡು ಉಕ್ಕಿನ ಬಳೆಗಳು ಮುಖಾಮುಖಿ ಕಚ್ಚಿಕೊಂಡಿರುತ್ತವೆ. ಒಂದು ಸ್ಪ್ರಿಂಗು ಅವನ್ನು ಒತ್ತಿ ಹಿಡಿದಿರುತ್ತದೆ. ಇದಕ್ಕೆ ಡಾಗ್ ಕ್ಲಚ್ಚು ಎಂದು ಹೆಸರು. ಬಲಗಡೆಯ ಸನ್ನೆ ಒತ್ತಿದರೆ ಬಲಗಡೆಯ ಬಳೆಗಳು ಬೇರೆಯಾಗುತ್ತವೆ. ಬಲಚಕ್ರಕ್ಕೆ ಬಲ ತಪ್ಪಿ ಅದು ನಿಲ್ಲುತ್ತದೆ. ಎಡಚಕ್ರ ನಡೆಯುತ್ತಲೇ ಇರುವುದರಿಂದ ಯಂತ್ರ ಬಲಕ್ಕೆ ತಿರುಗುತ್ತದೆ. ಗೌಡರ ಟಿಲ್ಲರಿನಲ್ಲಿ ಸನ್ನೆ ಒತ್ತದೆಯೇ ಈ ಬಳೆಗಳು ಬಿಟ್ಟುಕೊಳ್ಳುತ್ತಿದ್ದವು.

ಮೇಸ್ತ್ರಿ ಸನ್ನೆಯ ತಂತಿಯನ್ನು ಪರೀಕ್ಷಿಸುತ್ತ, "ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದರು.

"ಇವತ್ತೇ. ಆದ್ರೆ ಮೊನ್ನೆ ಒಂದು ವಿಚಿತ್ರ ಆಯ್ತು. ಬಂಡಿ ಕಟ್ಕೊಂಡು ಗುಡ್ಡ ಇಳೀತಿದ್ದಾಗ ತಾನಾಗೇ ಎಡಕ್ಕೆ ಎಳೀತು. ಚರಂಡಿಗೆ ಹೋಗ್ಬೇಕಿತ್ತು, ಮಗ ಹೇಗೋ ಹಿಡ್ದ. ಇಲ್ಲಿ ನೋಡಿದ್ರೆ ಬಲಕ್ಕೆ ಎಳೆಯುತ್ತೆ. ಎರಡೂ ಕಡೆ ಕೆಟ್ಟಿದೆಯೋ ಏನೋ."

ಮೇಸ್ತ್ರಿ ಕೈ ನಿಲ್ಲಿಸಿದರು. "ನಾಳೆ ಅದೇ ಗುಡ್ಡ ಇಳಿದು ಆಚೆ ಊರಿಗೆ ಹೋಗ್ಬೇಕಂತಿದ್ರಲ್ಲ?"

"ಹೌದು, ಸಸಿ ಹೇರ್ಕೊಂಡು. ಆಳುಗಳೂ ಬಂಡಿಯಲ್ಲೇ ಬರ್ತಾರೆ."

"ಇದನ್ನ ಬಿಚ್ಚಿ ಸರಿಮಾಡೋ ತನಕ ಬಂಡಿ ಕಟ್ಟೋ ಮಾತೇ ಬೇಡ ಗೌಡ್ರೇ."

ಗದ್ದೆಯಲ್ಲಿ ಬಲಕ್ಕೆ ಎಳೆಯುವ ಯಂತ್ರ ಇಳಿಜಾರಿನಲ್ಲಿ ಎಡಕ್ಕೆ ಎಳೆಯಿತೆಂದರೆ ಎರಡು ದೋಷಗಳಿವೆಯೆಂದು ಯಾರಿಗಾದರೂ ತೋರುತ್ತದೆ. ವಾಸ್ತವವಾಗಿ ಅದು ಒಂದೇ ದೋಷ. ಸಮನೆಲದಲ್ಲಿ ಎಂಜಿನು ಚಕ್ರಗಳನ್ನು ತಳ್ಳುತ್ತದೆ. ಬಲಚಕ್ರಕ್ಕೆ ಸಂಬಂಧ ತಪ್ಪಿದರೆ ಅದು ಹಿಂದೆ ಬೀಳುತ್ತದೆ, ಯಂತ್ರ ಬಲಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಪಾತ್ರಗಳು ಅದಲುಬದಲಾಗುತ್ತವೆ. ಅಲ್ಲಿ ತಳ್ಳುವುದು ಬಂಡಿಯ ಭಾರ. ಎಂಜಿನು ಗೇರುಗಳ ಮೂಲಕ ಚಕ್ರಗಳನ್ನು ತಡೆಹಿಡಿದಿರುತ್ತದೆ. ಆಗ ಬಲಚಕ್ರಕ್ಕೆ ಸಂಬಂಧ ತಪ್ಪಿದರೆ ಅದು ತಡೆಯಿಲ್ಲದೆ ಮುಂದಕ್ಕೆ ಉರುಳುತ್ತದೆ, ಎಡದ್ದು ತಡೆಯಲ್ಲೇ ಉಳಿಯುತ್ತದೆ, ಯಂತ್ರ ಎಡಕ್ಕೆ ಹೊರಳುತ್ತದೆ. ಗಾಬರಿಗೊಂಡ ಚಾಲಕ ಬಲಕ್ಕೆ ತಿರುಗಿಸಲೆಂದು ಅಭ್ಯಾಸಬಲದಿಂದ ಬಲದ ಸನ್ನೆಯನ್ನೇ ಒತ್ತಿದನೆಂದರೆ, ಉಳಿದಿದ್ದ ಹಿಡಿತವೂ ತಪ್ಪಿ ಬಂಡಿ ಎಡದ ಕಮರಿಗೇ ಹೋಗುತ್ತದೆ. ಯಂತ್ರ ನೆಟ್ಟಗಿದ್ದಾಗಲೂ ಇಳಿಜಾರಿನ ನಿಯಮ ಇದೇ: ಬಲದ ಸನ್ನೆ ಎಡಕ್ಕೆ ತಿರುಗಿಸುತ್ತದೆ, ಎಡದ ಸನ್ನೆ ಬಲಕ್ಕೆ. ಬಲ್ಲವರು ಇಳಿಯುವಾಗ ಸನ್ನೆಗಳನ್ನು ಮುಟ್ಟುವುದೇ ಇಲ್ಲ. ಸಣ್ಣ ಗೇರಿಗೆ ಹಾಕಿ, ಬಂಡಿಯ ಬ್ರೇಕನ್ನು ಕಾಲಿನಲ್ಲಿ ಮೆಟ್ಟಿಕೊಂಡು, ಹಿಡಿಗಳನ್ನೇ ತೋಳಬಲದಿಂದ ತಿರುವಿ ಇಳಿಯುತ್ತಾರೆ. ಹೊಸಬರಿಗೆ ಟಿಲ್ಲರು ಕೊಡಿಸುವ ಮನೆಯವರು ಬೇರೆಲ್ಲಕ್ಕಿಂತ ಮೊದಲು ಹೇಳಿಕೊಡಬೇಕಾದ ಪಾಠವಿದು. ವಿಷಾದವೆಂದರೆ ಇದನ್ನು ಹಲವರು ಇಳಿಜಾರಿನಲ್ಲಿಯೇ ಕಲಿಯುತ್ತಾರೆ.

ಡಾಗ್ ಕ್ಲಚ್ಚು ಬಿಟ್ಟುಕೊಳ್ಳುವುದಕ್ಕೆ ಎಲ್ಲಕ್ಕಿಂತ ಅಗ್ಗದ ಕಾರಣ ಸನ್ನೆಯ ತಂತಿ ಬಿಗಿಯಾಗಿರುವುದು. ಸನ್ನೆಯ ಬುಡದಲ್ಲಿ ಸ್ವಲ್ಪವಾದರೂ ಸಡಿಲು ಇರಬೇಕು. ಇಲ್ಲದಿದ್ದರೆ ಒತ್ತದಿದ್ದಾಗಲೂ ಬಳೆ ಅರ್ಧ ಎಳೆದುಕೊಂಡಿದ್ದು ಹಲ್ಲಿನ ತುದಿಗಳಷ್ಟೇ ಕಚ್ಚಿರುತ್ತವೆ. ಒಂದು ನಟ್ಟು ತಿರುಗಿಸಿದರೆ ಇದು ಸರಿಹೋಗುತ್ತದೆ, ಕಾಸಿನ ಖರ್ಚಿಲ್ಲ. ಮೇಸ್ತ್ರಿ ಮೊದಲು ನೋಡಿದ್ದು ಅದನ್ನು. ತಂತಿ ಸರಿಯಾಗಿತ್ತು. ಇನ್ನುಳಿದದ್ದು ಹೊಟ್ಟೆ ಬಿಚ್ಚುವ ಕೆಲಸ.

ಟಿಲ್ಲರನ್ನು ಕೊಟ್ಟಿಗೆಯ ಮಾಡಿನಡಿಗೆ ತಂದು, ತಳದ ತಿರುಪನ್ನು ಕಳಚಿ ಎಣ್ಣೆಯನ್ನು ಬಾಣಲೆಗೆ ಇಳಿಸಿದರು. ಕಪ್ಪಗೆ ಬರಬೇಕಾದ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿ ಇಳಿಯಿತು. ಗೇರುಪೆಟ್ಟಿಗೆಯಲ್ಲಿ ಕಾಫಿ ಕಂಡರೆ ಒಳಕ್ಕೆ ನೀರು ಹೊಕ್ಕಿದೆಯೆಂದೇ ಅರ್ಥ. ಮೇಸ್ತ್ರಿ ಬೆರಳುಗಳ ನಡುವೆ ಎಣ್ಣೆಯನ್ನು ಹೊಸಕಿ ನೋಡಿದರು. ನಯವಾದ ಹೊಳಪಿನ ಪುಡಿಯಾದರೆ ಮಾಮೂಲು ಸವೆತ, ಅದರಿಂದ ಭಯವಿಲ್ಲ. ಕೈಗೆ ಚುಚ್ಚುವ ಚೂರುಗಳು ಬಂದು ಅಯಸ್ಕಾಂತಕ್ಕೆ ಅಂಟಿದರೆ ಯಾವುದೋ ಹಲ್ಲೋ ಸ್ಪ್ರಿಂಗೋ ಮುರಿದಿದೆ. ಅಂಟದ ಹಳದಿ ಚೂರಾದರೆ ಹಿತ್ತಾಳೆಯ ಬುಷ್ಷೋ ಬೇರಿಂಗಿನ ಪಂಜರವೋ ಹೋಗಿದೆ. ಇಲ್ಲಿ ಅಯಸ್ಕಾಂತಕ್ಕೆ ಮೊದಲು ಅಂಟಿಕೊಂಡದ್ದು ತುಕ್ಕುಹಿಡಿದ ಸ್ಪ್ರಿಂಗಿನ ಒಂದು ತುಂಡು.

ಬಲಗಡೆಯ ಮುಚ್ಚಳ ತೆಗೆದ ಮೇಲೆ ಕಥೆಯೆಲ್ಲ ಹೊರಬಿತ್ತು. ಹಲ್ಲುಗಳ ಚೌಕಾಕಾರದ ಮೂಲೆಗಳು ನದಿಯ ಕಲ್ಲಿನಂತೆ ದುಂಡಗಾಗಿದ್ದವು. ಸ್ಪ್ರಿಂಗು ಎರಡು ತುಂಡಾಗಿತ್ತು. ಆದರೆ ಸ್ಪ್ರಿಂಗಿಗೆ ತುಕ್ಕು ಎಲ್ಲಿಂದ ಬಂತು? ನೀರಿನಿಂದ. ನೀರು ಎಲ್ಲಿಂದ ಬಂತು? ಮೇಸ್ತ್ರಿ ಚಕ್ರ ಕಳಚಿ, ಚಕ್ರದ ದಂಡ ಪೆಟ್ಟಿಗೆಯಿಂದ ಹೊರಬರುವ ಬಾಯಿಯನ್ನು ತೋರಿಸಿದರು. ಅಲ್ಲಿ ಎಣ್ಣೆಯನ್ನು ಒಳಗೂ ಕೆಸರನ್ನು ಹೊರಗೂ ನಿಲ್ಲಿಸಬೇಕಾದ ರಬ್ಬರಿನ ಬಳೆ, ಆಯಿಲ್ ಸೀಲು, ಇತ್ತು. ಅದರ ತುಟಿಗೆ ನೈಲಾನಿನಂಥ ಒಂದು ಬಿಳಿಯ ದಾರ ಹತ್ತಾರು ಸುತ್ತು ಸುತ್ತಿಕೊಂಡು, ಕತ್ತಿಯಂತೆ ಕೊರೆದು ಒಳಕ್ಕೆ ಹೋಗಿತ್ತು. ಗೊಬ್ಬರದ ಚೀಲದ ಬಾಯಿ ಹೊಲಿದ ದಾರ! ಚೀಲ ಬಿಚ್ಚಿದವರು ದಾರವನ್ನು ಗದ್ದೆಗೆ ಎಸೆದಿದ್ದರು. ಟಿಲ್ಲರು ಅದನ್ನು ನಾಜೂಕಾಗಿ ಎತ್ತಿಕೊಂಡಿತ್ತು.

"ವೆಲ್ಡಿಂಗ್ ಅಂಗಡೀಲಿ ಹಲ್ಲಿಗೆ ಸ್ವಲ್ಪ ತುಂಬ್ಸಿ ಅರ ಹಾಕಿಸಿದ್ರೆ ಆಗಲ್ವಾ?" ಎಂದು ಗೌಡರು ಕೇಳಿದರು. ಕೇಳದಿದ್ದರೆ ಆಶ್ಚರ್ಯಪಡಬೇಕಿತ್ತು. ಆಗದೇನು, ಆಗುತ್ತದೆ, ಒಂದು ಹಂಗಾಮಿಗೆ. ಈ ಹಲ್ಲುಗಳ ಉಕ್ಕಿಗೆ ಕಾರ್ಖಾನೆಯಲ್ಲಿ ಹದ ಹಾಕಿರುತ್ತಾರೆ. ವೆಲ್ಡಿಂಗಿನ ಕಾವಿಗೆ ಆ ಹದ ಕೆಡುತ್ತದೆ. ಎಲ್ಲ ಹಲ್ಲುಗಳನ್ನೂ ಒಂದೇ ಅಳತೆಗೆ ಅರದಿಂದ ತರುವುದೂ ಕಷ್ಟ. ಒಂದು ಹಲ್ಲು ಎತ್ತರವಾದರೆ ಭಾರವೆಲ್ಲ ಅದರ ಮೇಲೆಯೇ. ಗದ್ದೆಯಲ್ಲಿ ಮಾತ್ರ ನಡೆಯುವ ಯಂತ್ರವಾದರೆ ಮೇಸ್ತ್ರಿ ಒಪ್ಪುತ್ತಿದ್ದರೋ ಏನೋ. ಜನ ಕೂತ ಬಂಡಿ ಎಳೆಯುವ ಯಂತ್ರಕ್ಕೆ ಅವರು ಒಪ್ಪಲಿಲ್ಲ. ಎರಡು ಬಳೆಗಳಲ್ಲಿ ಕಡಿಮೆ ಸವೆದದ್ದನ್ನು ಉಳಿಸಿಕೊಳ್ಳುವ ಸಲಹೆಗೂ ಒಪ್ಪಲಿಲ್ಲ. ಸವೆದ ಹಲ್ಲಿನ ಜೊತೆ ಹೊಸ ಹಲ್ಲನ್ನು ಕಚ್ಚಿಸಿದರೆ ಹೊಸದೂ ಹಳೆಯದರ ರೂಪವನ್ನೇ ತಾಳುತ್ತದೆ.

ಪೇಟೆಗೆ ಮತ್ತೆ ಫೋನು ಹೋಯಿತು. ಕ್ಲಚ್ ಪ್ಲೇಟು ಬೇಡ. ಬಲಗಡೆಯ ಡಾಗ್ ಒಂದು ಜೊತೆ, ಸ್ಪ್ರಿಂಗು ಎರಡು, ಆಯಿಲ್ ಸೀಲು ಎರಡು, ಪ್ಯಾಕಿಂಗು, ಎಣ್ಣೆ. ಎಡಗಡೆಯ ಹಲ್ಲುಗಳು ಚೆನ್ನಾಗಿದ್ದರೂ ಅದೇ ನೀರಿನಲ್ಲಿ ನೆಂದ ಸ್ಪ್ರಿಂಗನ್ನು ನಂಬುವಂತಿರಲಿಲ್ಲ. ಸಾಮಾನು ಬರುವವರೆಗೆ ಮೇಸ್ತ್ರಿ ಪೆಟ್ಟಿಗೆಯನ್ನು ಡೀಸೆಲಿನಿಂದ ಮೂರು ಸಲ ತೊಳೆದರು. ಬೇರಿಂಗುಗಳನ್ನು ಒಂದೊಂದಾಗಿ ಬೆರಳಿನಲ್ಲಿ ತಿರುಗಿಸಿ ಕಿವಿಗೊಟ್ಟು ಕೇಳಿದರು. ಅವು ಮೌನವಾಗಿದ್ದವು. ಗೇರಿನ ಹಲ್ಲುಗಳಲ್ಲಿ ಗುಳಿ ಬಿದ್ದಿರಲಿಲ್ಲ. ಇನ್ನೊಂದು ತಿಂಗಳು ಆ ಕಾಫಿಯಲ್ಲೇ ಓಡಿದ್ದರೆ ಈ ಮಾತು ಹೇಳುವಂತಿರಲಿಲ್ಲ.

ಹೊಸ ಸೀಲು ಕೂರಿಸುವ ಮುನ್ನ ಅವರು ದಂಡದ ಮೇಲೆ ಉಗುರು ಆಡಿಸಿದರು. ಹಳೆಯ ಸೀಲಿನ ತುಟಿ, ನಡುವೆ ಸಿಕ್ಕಿದ ಮರಳಿನೊಡನೆ ಸೇರಿ, ಉಕ್ಕಿನಲ್ಲೂ ಒಂದು ಸಣ್ಣ ಗೀರು ಕೊರೆದಿತ್ತು. ಮೆತ್ತಗಿನ ರಬ್ಬರು ಉಕ್ಕನ್ನು ಕೊರೆಯುವುದೆಂದರೆ ನಂಬುವುದು ಕಷ್ಟ; ಆದರೆ ಕೊರೆಯುವುದು ರಬ್ಬರಲ್ಲ, ಅದರಲ್ಲಿ ನಾಟಿಕೊಂಡ ಮರಳು. ಹೊಸ ಸೀಲಿನ ತುಟಿಯೂ ಅದೇ ಗೀರಿನ ಮೇಲೆ ಕೂತರೆ ಮರುದಿನವೇ ಎಣ್ಣೆ ಜಿನುಗುತ್ತದೆ. ಮೇಸ್ತ್ರಿ ಅದನ್ನು ನೂಲಿನಷ್ಟು ಒಳಗೆ ತಳ್ಳಿ, ನುಣುಪಾದ ಉಕ್ಕಿನ ಮೇಲೆ ಕೂರುವಂತೆ, ಮರದ ತುಂಡಿಟ್ಟು ಸುತ್ತಲೂ ಸಮನಾಗಿ ಬಡಿದು ಕೂರಿಸಿದರು. ಸೀಲಿನ ತುಟಿಗೆ ಒಳಗಡೆ ಗ್ರೀಸು ಸವರಿದರು.

ಕೆಲಸ ಮುಗಿದಾಗ ಮರುದಿನದ ಹತ್ತು ಗಂಟೆ. ಮೊದಲು ಅಂಗಳದಲ್ಲಿ ಎರಡು ಸುತ್ತು; ಎಡ, ಬಲ, ಎರಡು ಸನ್ನೆಗಳೂ ಒತ್ತಿದಾಗ ಬಿಟ್ಟು, ಬಿಟ್ಟಾಗ ಕಚ್ಚಿದವು. ಆ ಮೇಲೆ ಬಂಡಿ ಕಟ್ಟದೆ, ಸಣ್ಣ ಗೇರಿನಲ್ಲಿ, ಮನೆಯ ಮುಂದಿನ ಇಳಿಜಾರಿನಲ್ಲಿ. ಗೌಡರ ಮಗ ಹಿಡಿದಿದ್ದ, ಮೇಸ್ತ್ರಿ ಪಕ್ಕದಲ್ಲಿ ನಡೆದರು. ಯಂತ್ರ ನೂಲು ಹಿಡಿದಂತೆ ನೇರವಾಗಿ ಇಳಿಯಿತು. "ಈಗ ಬಲದ್ದು ಒಂದು ಚೂರು ಒತ್ತಿ ನೋಡು" ಎಂದರು ಮೇಸ್ತ್ರಿ. ಹುಡುಗ ಒತ್ತಿದ, ಮೂತಿ ಎಡಕ್ಕೆ ಹೊರಳಿತು. ಹುಡುಗ ತಟ್ಟನೆ ಕೈ ಬಿಟ್ಟು ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಏನೂ ಹೇಳಲಿಲ್ಲ. ಇನ್ನೊಂದು ಸಲ ಹತ್ತಿಸಿ ಇಳಿಸಲು ಸನ್ನೆ ಮಾಡಿದರು.

ಹನ್ನೊಂದಕ್ಕೆ ಟಿಲ್ಲರು ಗದ್ದೆಗೆ ಇಳಿಯಿತು. ಒಂದು ರಾತ್ರಿ ಹೆಚ್ಚು ಕಾದ ಸಸಿಯ ಕಟ್ಟುಗಳು ತುದಿಯಲ್ಲಿ ತುಸು ಬಾಡಿದ್ದರೂ ಬೇರು ಹಸಿಯಾಗಿತ್ತು. ಮೇಸ್ತ್ರಿ ಕೈತೊಳೆದು, ಕೂಲಿಯನ್ನೂ ಒಂದು ಬಾಳೆಗೊನೆಯನ್ನೂ ಪಡೆದು ಮೋಟಾರು ಸೈಕಲು ಹತ್ತಿದರು. ಗೌಡರು ಅಂಚಿನುದ್ದಕ್ಕೂ ಬಗ್ಗಿ ಬಗ್ಗಿ ನಡೆಯುತ್ತ, ಕೆಸರಿನಿಂದ ಚೀಲದ ದಾರಗಳನ್ನು ಒಂದೊಂದಾಗಿ ಹೆಕ್ಕಿ ಮುಷ್ಟಿಯಲ್ಲಿ ಸುತ್ತಿಕೊಳ್ಳುತ್ತಿದ್ದರು.